ಎಷ್ಟು ತೊಳೆದರೆ ಸಾಕು: ಕೊಡೈಕನಾಲ್‌ನ ಪಾದರಸ ಮತ್ತು ಮಲಿನ ನೆಲದ ಲೆಕ್ಕ

ಜ್ವರ ನೋಡುವ ಗಾಜಿನ ಥರ್ಮಾಮೀಟರ್ ಕೈಜಾರಿ ನೆಲಕ್ಕೆ ಬಿದ್ದದ್ದನ್ನು ನಿಮ್ಮಲ್ಲಿ ನಲವತ್ತು ದಾಟಿದವರು ಒಮ್ಮೆಯಾದರೂ ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಅದು ಒಡೆದಾಗ ನನಗೆ ಹತ್ತು ವರ್ಷ. ಬೆಳ್ಳಿಯಂಥ ಹನಿಯೊಂದು ರೆಡ್ ಆಕ್ಸೈಡ್ ನೆಲದ ಮೇಲೆ ಉರುಳಿತು. ಬೆರಳು ತಾಗಿಸಿದೊಡನೆ ಅದು ಹತ್ತು ಹನಿಯಾಯಿತು. ಅಮ್ಮ ಪೊರಕೆ ತಂದು ಗುಡಿಸಿದಷ್ಟೂ ಹನಿಗಳು ಇನ್ನೂ ಸಣ್ಣದಾಗಿ, ಗೋಡೆಯ ಮೂಲೆಗೂ ನೆಲದ ಬಿರುಕಿಗೂ ಸೇರಿಕೊಂಡವು. ರಾತ್ರಿ ಅಪ್ಪ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟಾಗ, ಸ್ವಚ್ಛವಾಯಿತೆಂದು ನಾವು ಅಂದುಕೊಂಡಿದ್ದ ಜಾಗದ ತುಂಬ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮಿನುಗಿದವು. ಒಂದು ಥರ್ಮಾಮೀಟರಿನಲ್ಲಿ ಇರುವ ಪಾದರಸ ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸು.

ಈಗ ಇಂಥ ಥರ್ಮಾಮೀಟರುಗಳನ್ನು ವರ್ಷಗಟ್ಟಲೆ ತಯಾರಿಸಿದ ಒಂದು ಕಾರ್ಖಾನೆಯನ್ನು, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದ ಬೆಟ್ಟದ ಏಣಿನ ಮೇಲೆ, ಕೆಳಗೆ ಶೋಲಾ ಕಾಡು, ಅದರ ಕೆಳಗೆ ತೊರೆ, ತೊರೆಯ ಕೆಳಗೆ ಬಯಲಿನ ಊರುಗಳು ಇರುವ ಜಾಗದಲ್ಲಿ ಕಲ್ಪಿಸಿಕೊಳ್ಳಿ. ತಮಿಳುನಾಡಿನ ಕೊಡೈಕನಾಲ್‌ನಲ್ಲಿ ಆದದ್ದು ಇದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯನ್ನು 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿಗೆ ತರಲಾಯಿತು. ಮೊದಲು ಪಾಂಡ್ಸ್ ಕಂಪನಿಯದಾಗಿದ್ದ ಅದು, ಆ ಕಂಪನಿಯನ್ನು ಯೂನಿಲಿವರ್ ಕೊಂಡ ಮೇಲೆ ಅದರ ಭಾರತದ ಅಂಗಸಂಸ್ಥೆಯಾದ ಹಿಂದೂಸ್ತಾನ್ ಲಿವರ್‌ನ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ ಗಾಜಿನ ಚೂರುಗಳ ಮೂಟೆಗಳು ಕಣ್ಣಿಗೆ ಬಿದ್ದವು, ಜನ ಬೀದಿಗಿಳಿದರು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳಿಸಲಾಯಿತು. ಮೂಟೆಯಲ್ಲಿ ಕಟ್ಟಬಹುದಾದದ್ದು ಹೀಗೆ ಹೋಯಿತು. ನೆಲಕ್ಕೆ ಇಳಿದದ್ದು ಅಲ್ಲೇ ಉಳಿಯಿತು, ಅದನ್ನು ಎಷ್ಟರಮಟ್ಟಿಗೆ ತೆಗೆಯಬೇಕು ಎಂಬ ವಾದ ಎರಡು ದಶಕಗಳಷ್ಟು ಕಾಲ ನಡೆಯಿತು. ನಾನು ಇವತ್ತು ಮಾತಾಡಬೇಕೆಂದುಕೊಂಡಿರುವುದು ಆ ವಾದದ ಬಗ್ಗೆ. ಏಕೆಂದರೆ ರಾಸಾಯನಿಕ ಚೆಲ್ಲಿದ ಯಾವ ನೆಲದ ಮುಂದೆ ನಿಂತರೂ, ಅದು ಹೆದ್ದಾರಿಯಲ್ಲಿ ಮಗುಚಿದ ಟ್ಯಾಂಕರ್ ಇರಲಿ, ಮೂವತ್ತು ವರ್ಷ ತೊಟ್ಟಿಕ್ಕಿದ ಕೊಳವೆ ಇರಲಿ, ಕೊನೆಗೆ ನಾವು ಬಂದು ನಿಲ್ಲುವುದು ಇದೇ ಪ್ರಶ್ನೆಗೆ.

ಮೊದಲು ಒಂದು ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳೋಣ. ಒಂದು ವಸ್ತು ವಿಷವೇ ಎಂಬುದು ಒಂದು ಪ್ರಶ್ನೆ. ಆ ವಿಷದಿಂದ ಇಲ್ಲಿ, ಈ ಜನಕ್ಕೆ ಅಪಾಯವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೀಗ ಹಾಕಿದ ಬೀರುವಿನಲ್ಲಿರುವ ಕೀಟನಾಶಕದ ಡಬ್ಬಿ ವಿಷ ಹೌದು, ಆದರೆ ಬಾಗಿಲು ತೆರೆಯುವವರೆಗೆ ಅದು ಯಾರನ್ನೂ ಮುಟ್ಟುವುದಿಲ್ಲ. ಅಪಾಯ ಹುಟ್ಟಬೇಕಾದರೆ ಮೂರು ಸಂಗತಿ ಕೂಡಬೇಕು: ವಿಷದ ಮೂಲ, ಅದು ಸಾಗುವ ದಾರಿ, ಆ ದಾರಿಯ ತುದಿಯಲ್ಲಿರುವ ಜೀವ. ಮೂರರಲ್ಲಿ ಒಂದನ್ನು ಕಡಿದರೂ ಅಪಾಯ ನಿಲ್ಲುತ್ತದೆ. ಮೂಲವನ್ನು ಅಗೆದು ತೆಗೆಯಬಹುದು, ದಾರಿಗೆ ತಡೆ ಕಟ್ಟಬಹುದು, ಅಥವಾ ಜನರನ್ನು ಅಲ್ಲಿಂದ ದೂರ ಇಡಬಹುದು. ಮೂರನೆಯದು ಅಗ್ಗವಾದ್ದರಿಂದ ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಅದೇ: ಒಂದು ತಂತಿಬೇಲಿ, ಒಂದು ಫಲಕ, ಒಬ್ಬ ಕಾವಲುಗಾರ. ಬೇಲಿಯನ್ನು ನಾನು ತೆಗಳುತ್ತಿಲ್ಲ. ಮೊದಲ ದಿನ ಹಾಕಬೇಕಾದದ್ದೇ ಅದು. ಆದರೆ ಬೇಲಿ ತಡೆಯುವುದು ನಡೆದು ಬರುವ ಮನುಷ್ಯನನ್ನು. ಮಳೆನೀರನ್ನೂ ಗಾಳಿಯನ್ನೂ ಅದು ತಡೆಯುವುದಿಲ್ಲ.

ದಾರಿಯ ವಿಷಯದಲ್ಲಿ ಕೊಡೈಕನಾಲ್ ಬಹಳ ಕಲಿಸುತ್ತದೆ. ಕಾರ್ಖಾನೆಯ ಆವರಣದ ಮಳೆನೀರು ಇಳಿಯುವುದು ಪಾಂಬಾರ್ ಶೋಲಾದ ಕಡೆಗೆ, ಅಲ್ಲಿಂದ ಕುಂಬಕ್ಕರೈ ಜಲಪಾತದ ದಿಕ್ಕಿಗೆ. ಪ್ರವಾಸಿಗರು ದೋಣಿ ನಡೆಸುವ ಊರಿನ ಕೆರೆ ಇರುವುದು ಬೇರೆ ಮಗ್ಗುಲಿಗೆ. ನೀರಿನ ದಾರಿಯನ್ನಷ್ಟೇ ನೋಡಿದವರು ಕೆರೆಗೆ ಏನೂ ಆಗಿಲ್ಲವೆಂದೇ ತೀರ್ಮಾನಿಸಬೇಕು. ಆದರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಹೈದರಾಬಾದಿನ ಪ್ರಯೋಗಾಲಯದ ವಿಜ್ಞಾನಿಗಳು ಕೆರೆಯ ನೀರು, ಹೂಳು ಮತ್ತು ಮೀನುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಪಾದರಸ ಸಿಕ್ಕಿತು. ಕಾರ್ಖಾನೆಯಿಂದ ಹೊರಬಿದ್ದ ಆವಿಯೇ ಅದಕ್ಕೆ ಕಾರಣವೆಂದು ಅವರು 2006ರಲ್ಲಿ ಪ್ರಕಟಿಸಿದರು. ಪಾದರಸ ದ್ರವ ಲೋಹ, ನೀರಿಗಿಂತ 13.6 ಪಟ್ಟು ಭಾರ, ಆದರೂ ಕೋಣೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಅದರ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಕೋಣೆಯ ಒಂದು ಘನ ಮೀಟರ್ ಗಾಳಿ ಸುಮಾರು 13 ಮಿಲಿಗ್ರಾಂ ಪಾದರಸವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಜೀವಮಾನವಿಡೀ ಉಸಿರಾಡಿದರೂ ತೊಂದರೆಯಾಗದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟುಕೊಂಡಿರುವ ಮಿತಿ ಒಂದು ಘನ ಮೀಟರಿಗೆ 0.3 ಮೈಕ್ರೋಗ್ರಾಂ. ಈ ಎರಡು ಸಂಖ್ಯೆಗಳ ನಡುವೆ ನಲವತ್ತು ಸಾವಿರ ಪಟ್ಟಿಗೂ ಮೀರಿದ ಅಂತರವಿದೆ. ಕಿಟಕಿ ಮುಚ್ಚಿ ಕೆಲಸ ಮಾಡುವ ಚಳಿಯ ಊರಿನಲ್ಲಿ ಈ ಅಂತರಕ್ಕೆ ಏನು ಅರ್ಥ ಎಂಬುದನ್ನು ನೀವೇ ಯೋಚಿಸಿ.

ಹಾಗಾಗಿ ಮಲಿನಗೊಂಡ ಜಾಗಕ್ಕೆ ಹೋದವರು ಮಾಡಬೇಕಾದ ಮೊದಲ ಕೆಲಸ ಮಣ್ಣು ಅಗೆಯುವುದಲ್ಲ, ಒಂದು ಚಿತ್ರ ಬರೆಯುವುದು. ಏನು ಚೆಲ್ಲಿತು, ಎಲ್ಲಿ, ಯಾವಾಗ, ಎಷ್ಟು. ನೆಲದ ಇಳಿಜಾರು ಎತ್ತ. ಮಣ್ಣಿನ ಕೆಳಗೆ ಏನಿದೆ. ಮಳೆ ಬಂದಾಗ ನೀರು ಯಾವ ಮೋರಿಯಲ್ಲಿ ಹೋಗುತ್ತದೆ. ಆ ನೀರಿನಲ್ಲಿ ಯಾರ ಎಮ್ಮೆ ಮಲಗುತ್ತದೆ, ಯಾರು ಬಟ್ಟೆ ಒಗೆಯುತ್ತಾರೆ. ಈ ಚಿತ್ರ ತಪ್ಪಾದರೆ ಆಮೇಲೆ ಬರುವ ದುಬಾರಿ ಯಂತ್ರಗಳೆಲ್ಲ ತಪ್ಪು ಜಾಗದಲ್ಲೇ ದುಡಿಯುತ್ತವೆ.

ಇಲ್ಲಿ ನನ್ನ ಅನುಭವದ್ದೊಂದು ಸಂಗತಿ ಹೇಳಬೇಕು. ನಮ್ಮದೇ ರಾಜ್ಯದ ಒಂದು ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳಿಯಲ್ಲಿ ಬಾವಿಗಳ ನೀರಿಗೆ ದ್ರಾವಕದ ವಾಸನೆ ಬರುತ್ತಿತ್ತು. ನೆಲ ಪಡುವಣಕ್ಕೆ ಇಳಿಯುತ್ತಿದ್ದುದರಿಂದ ಅಂತರ್ಜಲವೂ ಪಡುವಣಕ್ಕೇ ಹರಿಯುತ್ತದೆಂದು ಲೆಕ್ಕ ಹಾಕಿ, ಪರೀಕ್ಷೆಯ ಕೊಳವೆ ಬಾವಿಗಳನ್ನೆಲ್ಲ ಪಡುವಣದಲ್ಲಿದ್ದ ಊರಕೆರೆಯ ಕಡೆಗೆ ಕೊರೆಸಲು ನಾವು ಗುರುತು ಹಾಕಿದ್ದೆವು. ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಅಜ್ಜಿಯೊಬ್ಬರು ನಮ್ಮ ನಕ್ಷೆಯನ್ನು ನೋಡಲಿಲ್ಲ, ನಮ್ಮ ಗೂಟಗಳನ್ನು ನೋಡಿದರು. "ಮೊದಲು ನಾತ ಹೊಡೆದದ್ದು ಮೂಡಲ ದಿಕ್ಕಿನ ನಮ್ಮ ಬಾವೀಲಿ. ನೀರು ಮ್ಯಾಲಿನ ನೆಲ ನೋಡ್ಕಂಡ್ ಹರಿಯಾಕಿಲ್ಲ ಸ್ವಾಮಿ, ಬಂಡೆ ಸಂದಿ ನೋಡ್ಕಂಡ್ ಹರೀತದೆ" ಅಂದರು. ಮೂಡಲಿಗೂ ಎರಡು ಬಾವಿ ಕೊರೆದೆವು, ಅತಿ ಹೆಚ್ಚಿನ ಪ್ರಮಾಣ ಸಿಕ್ಕಿದ್ದು ಅಲ್ಲಿಯೇ. ದಕ್ಷಿಣ ಭಾರತದ ಬಹುಪಾಲು ನೆಲದ ಕೆಳಗಿರುವುದು ಗಟ್ಟಿ ಶಿಲೆ. ನಮ್ಮ ಬಯಲುಸೀಮೆಯಲ್ಲಿ ಗ್ರಾನೈಟ್ ಮತ್ತು ನೈಸ್, ಕೊಡೈಕನಾಲ್ ಬೆಟ್ಟಗಳಲ್ಲಿ ಚಾರ್ನೊಕೈಟ್. ಇಂಥ ಶಿಲೆಯಲ್ಲಿ ನೀರು ಮರಳಿನಲ್ಲಿ ಹರಡುವಂತೆ ಸಮನಾಗಿ ಹರಡುವುದಿಲ್ಲ, ಬಿರುಕು ಹಿಡಿದು ಓಡುತ್ತದೆ. ಹತ್ತು ಮೀಟರ್ ದೂರದ ಎರಡು ಬಾವಿಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯವಾಗಿ, ಇನ್ನೊಂದರ ನೀರು ಕೈತೊಳೆಯಲೂ ಯೋಗ್ಯವಲ್ಲದೆ ಇರಬಹುದು. ಮರಳು ಮಣ್ಣಿನ ದೇಶಗಳಲ್ಲಿ ಬರೆದ ಕೈಪಿಡಿಗಳನ್ನು ನಾವು ಇಲ್ಲಿ ತೆರೆದಾಗ ಈ ಮಾತು ನೆನಪಿರಬೇಕು.

ಮಾದರಿ ತೆಗೆಯುವುದಕ್ಕೂ ಇದೇ ಎಚ್ಚರಿಕೆ ಬೇಕು. ಎಣ್ಣೆಯಂಥ ದ್ರವ ಚೆಲ್ಲಿದರೆ ಮಣ್ಣಿನ ಬಣ್ಣ ಬದಲಾಗುತ್ತದೆ, ವಾಸನೆ ಬರುತ್ತದೆ, ಕೈಗೇ ಗೊತ್ತಾಗುತ್ತದೆ. ಪಾದರಸ ಹಾಗಲ್ಲ. ಒಂದು ಚಮಚ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಹನಿ ಕುಳಿತಿದ್ದರೆ ಆ ಮಾದರಿಯ ಸಂಖ್ಯೆ ಆಕಾಶಕ್ಕೇರುತ್ತದೆ, ಒಂದು ಅಡಿ ಪಕ್ಕದ ಚಮಚದಲ್ಲಿ ಏನೂ ಇರುವುದಿಲ್ಲ. ಹತ್ತು ಜಾಗದ ಮಣ್ಣನ್ನು ಬೆರೆಸಿ ಸರಾಸರಿ ತೆಗೆದರೆ ವರದಿ ನೋಡಲು ಚೆನ್ನಾಗಿರುತ್ತದೆ, ಆದರೆ ಮಗುವೊಂದು ಕೂತು ಆಡುವುದು ಸರಾಸರಿಯ ಮೇಲಲ್ಲ, ಆ ಹತ್ತರಲ್ಲಿ ಒಂದು ಜಾಗದಲ್ಲಿ. ಅದಕ್ಕೇ ಯಾವ ವರದಿ ನಿಮ್ಮ ಕೈಗೆ ಬಂದರೂ ಸರಾಸರಿಯ ಪುಟದಲ್ಲಿ ನಿಲ್ಲಬೇಡಿ. ಅತಿ ಹೆಚ್ಚು ಸಂಖ್ಯೆ ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ ಸಿಕ್ಕಿತು, ಮಾದರಿ ತೆಗೆದದ್ದು ಮಳೆಗೆ ಮೊದಲೋ ನಂತರವೋ ಎಂದು ಕೇಳಿ.

ಇನ್ನು ರೂಪದ ಪ್ರಶ್ನೆ. ಪಾದರಸ ಮೂರು ವೇಷದಲ್ಲಿ ಬರುತ್ತದೆ. ಥರ್ಮಾಮೀಟರಿನ ಲೋಹರೂಪದ ಪಾದರಸವನ್ನು ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ, ಅದರ ಆವಿಯನ್ನು ಉಸಿರಾಡಿದರೆ ಬಹುಪಾಲು ದೇಹದಲ್ಲೇ ಉಳಿದು ಮಿದುಳನ್ನೂ ಮೂತ್ರಪಿಂಡವನ್ನೂ ಸೇರುತ್ತದೆ. ಮಣ್ಣಿನಲ್ಲಿ ಅದು ಲವಣವಾಗಿ ಮಾರ್ಪಟ್ಟರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ. ಕೆರೆಯ ತಳದ, ಆಮ್ಲಜನಕವಿಲ್ಲದ ಹೂಳಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಈ ರೂಪ ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡ ಮೀನಿಗೆ ಏರುತ್ತಾ ಹೋಗಿ, ನೀರಿನಲ್ಲಿದ್ದ ಪ್ರಮಾಣದ ಲಕ್ಷಾಂತರ ಪಟ್ಟಾಗಿ ಊಟದ ತಟ್ಟೆಗೆ ಬರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಅಧಿಕೃತವಾಗಿ ಗುರುತಿಸಲಾದ ಕಾಯಿಲೆಗೆ ಕಾರಣವಾದದ್ದು ಈ ರೂಪವೇ. ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ವಿಷ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಕಾಯಿಲೆ ಪತ್ತೆಯಾಗಿ ಹನ್ನೆರಡು ವರ್ಷಗಳ ಮೇಲೆ. ಈ ಹನ್ನೆರಡು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಸಂಖ್ಯೆಗೆ ಬರೋಣ. ಕೊಡೈಕನಾಲ್‌ನಲ್ಲಿ ಮಣ್ಣನ್ನು ಶುದ್ಧಗೊಳಿಸಲು ಅಧಿಕಾರಿಗಳು ಒಪ್ಪಿದ ಗುರಿ, ಒಂದು ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ. ಇದು ಬಹಳ ಸಡಿಲ, ಬ್ರಿಟನ್ನಿನಲ್ಲಿ ಮನೆ ಕಟ್ಟುವ ನೆಲಕ್ಕೆ ಇಷ್ಟನ್ನು ಒಪ್ಪುವುದಿಲ್ಲ ಎಂದು ಹೋರಾಟಗಾರರು ವಾದಿಸಿದರು. ಇದು ಸಾಕು, ಇದಕ್ಕಿಂತ ಕೆಳಗಿಳಿಸಲು ಹೋದರೆ ಮರಗಳನ್ನು ಕಡಿದು ಇಳಿಜಾರನ್ನು ಬಯಲು ಮಾಡಬೇಕಾಗುತ್ತದೆ ಎಂದು ಕಂಪನಿ ವಾದಿಸಿತು. ಈ 20 ಎಂಬ ಅಂಕಿ ಎಂಥದ್ದೆಂದು ನೋಡಲು ನಾವೇ ಒಂದು ಲೆಕ್ಕ ಮಾಡಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ರೂಢಿಯ ಊಹೆಗಳನ್ನೇ ಹಿಡಿಯೋಣ: 15 ಕಿಲೋ ತೂಕದ ಮಗು, ಕೈಬಾಯಿಯ ಮೂಲಕ ದಿನಕ್ಕೆ 200 ಮಿಲಿಗ್ರಾಂ ಮಣ್ಣು ಅದರ ಹೊಟ್ಟೆ ಸೇರುತ್ತದೆ. ಕಿಲೋಗೆ 20 ಮಿಲಿಗ್ರಾಂ ಎಂದರೆ ಒಂದು ಗ್ರಾಂ ಮಣ್ಣಿಗೆ 20 ಮೈಕ್ರೋಗ್ರಾಂ. 200 ಮಿಲಿಗ್ರಾಂ ಮಣ್ಣಿನಲ್ಲಿ 4 ಮೈಕ್ರೋಗ್ರಾಂ. ಅದನ್ನು 15 ಕಿಲೋ ಮೈತೂಕಕ್ಕೆ ಹಂಚಿದರೆ ಪ್ರತಿ ಕಿಲೋಗೆ ಸುಮಾರು 0.27 ಮೈಕ್ರೋಗ್ರಾಂ. ಪಾದರಸದ ಕ್ಲೋರೈಡ್ ಲವಣಕ್ಕೆ ಅದೇ ಸಂಸ್ಥೆ ಇಟ್ಟಿರುವ ದಿನದ ಸಹ್ಯ ಪ್ರಮಾಣ ಪ್ರತಿ ಕಿಲೋ ಮೈತೂಕಕ್ಕೆ 0.3 ಮೈಕ್ರೋಗ್ರಾಂ.

ಅಂದರೆ ಲೆಕ್ಕ ತೇರ್ಗಡೆಯಾಯಿತು, ಕೂದಲೆಳೆಯ ಅಂತರದಲ್ಲಿ. ಆದರೆ ಈ ಲೆಕ್ಕದೊಳಗೆ ನಾವು ಯಾರನ್ನು ಕೂರಿಸಿದ್ದೇವೆ ಎಂಬುದನ್ನು ಗಮನಿಸಿ. ಮಣ್ಣು ತಿನ್ನುವ ಮಗು ಇದೆ. ಅದೇ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ಕಿಟಕಿ ಮುಚ್ಚಿ ಮಲಗಿ ಆವಿ ಉಸಿರಾಡುವ ಮಗು ಇಲ್ಲ. ಮಣ್ಣಿನ ಪಾದರಸವೆಲ್ಲ ಲವಣರೂಪದಲ್ಲಿದೆ ಎಂದು ಹಿಡಿದಿದ್ದೇವೆ, ಲೋಹದ ಹನಿಯಿದ್ದರೆ ಮಿತಿ ಕೆಳಗಿಳಿಯುತ್ತದೆ. ಸಹ್ಯ ಪ್ರಮಾಣವಷ್ಟನ್ನೂ ಮಣ್ಣಿನ ದಾರಿಗೇ ಕೊಟ್ಟುಬಿಟ್ಟಿದ್ದೇವೆ, ಆ ಮಗು ಮೀನು ತಿನ್ನುವುದಿಲ್ಲ ಎಂಬಂತೆ. ಇನ್ನು ಇಳಿಜಾರಿನಲ್ಲಿ ಕೊಚ್ಚಿಹೋಗಿ ತೊರೆಯ ಹೂಳು ಸೇರುವ ಮಣ್ಣು ಈ ಲೆಕ್ಕದ ಯಾವ ಸಾಲಿನಲ್ಲೂ ಇಲ್ಲ. ಕಾಡಿನ ಪಕ್ಕದ ನೆಲಕ್ಕೆ ಮನೆ ಕಟ್ಟುವ ನೆಲದ ಮಾನದಂಡ ಹಾಕಿದರೆ ಮನುಷ್ಯರ ಮಗುವಿಗೆ ರಕ್ಷಣೆ ಸಿಗಬಹುದು. ಆದರೆ ಆ ಮಗುವಿಗೆ ಸಾಕಾದ ಅಂಕಿ ಪಾಂಬಾರಿನ ಮೀನಿಗೂ, ಮೀನು ಹಿಡಿಯುವ ಹಕ್ಕಿಗೂ ಸಾಕೆಂದು ಹೇಳಲು ನಮ್ಮ ಬಳಿ ಬೇರೆಯದೇ ಲೆಕ್ಕ ಇರಬೇಕಾಗುತ್ತದೆ.

ಲೆಕ್ಕ ಮಾಡಿದವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಇಂಥ ಪ್ರತಿಯೊಂದು ಸಂಖ್ಯೆಯ ಹಿಂದೆ ಒಂದು ಆಯ್ಕೆ ಇರುತ್ತದೆ: ಈ ನೆಲ ಮುಂದೆ ಏನಾಗಬೇಕು, ಅಲ್ಲಿ ಯಾರು ಇರಬೇಕು, ಯಾವ ಜೀವವನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಆಯ್ಕೆ ರಸಾಯನಶಾಸ್ತ್ರದ್ದಲ್ಲ. ಗುಣಾಕಾರ ಭಾಗಾಕಾರವನ್ನು ತಜ್ಞರು ಮಾಡಲಿ, ಆದರೆ ಲೆಕ್ಕಕ್ಕೆ ಯಾರನ್ನು ಸೇರಿಸಬೇಕೆಂಬುದನ್ನು ಇಳಿಜಾರಿನ ಕೆಳಗೆ ಬದುಕುವವರು ಸಂಖ್ಯೆ ನಿಗದಿಯಾಗುವ ಮೊದಲೇ ಹೇಳಬೇಕು. ಸಂಖ್ಯೆ ಬಂದ ಮೇಲೆ ಕರೆಯುವ ಸಭೆಯಲ್ಲಿ ಜನರಿಗೆ ಉಳಿಯುವುದು ಒಪ್ಪುವುದು ಇಲ್ಲವೇ ಕೂಗಾಡುವುದು, ಎರಡೇ.

ಶುದ್ಧೀಕರಣದ ದಾರಿಗಳಿಗೆ ಬರುತ್ತೇನೆ. ಎಲ್ಲರಿಗೂ ಮೊದಲು ತೋಚುವುದು, ಅಗೆದು ಒಯ್ದುಬಿಡಿ ಎಂಬುದು. ಒಯ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಬೆನ್ನಲ್ಲೇ ಬರುವ ಪ್ರಶ್ನೆ. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ದುರಂತ ನಡೆದು ನಲವತ್ತು ವರ್ಷ ಕೊಳೆಯುತ್ತಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ 12 ಕಂಟೇನರುಗಳಲ್ಲಿ ತುಂಬಿ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಸಾಗಿಸಿದಾಗ, ಅಲ್ಲಿನ ಜನ ನಮ್ಮೂರಿಗೇಕೆ ಎಂದು ಬೀದಿಗೆ ಬಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಪರೀಕ್ಷಾರ್ಥ ಸುಟ್ಟು ನೋಡಿ, ನ್ಯಾಯಾಲಯದ ಕಣ್ಗಾವಲಿನಲ್ಲಿ ಆ ವರ್ಷದ ಜೂನ್ ಕೊನೆಯ ಹೊತ್ತಿಗೆ ಸುಡುವ ಕೆಲಸ ಮುಗಿಯಿತು, ಬೂದಿಯನ್ನು ಮತ್ತೆ ಹೂಳುವ ಪ್ರಶ್ನೆ ಉಳಿಯಿತು. ಪತ್ರಿಕೆಗಳಲ್ಲಿ ಭೋಪಾಲದ ವಿಷ ಕೊನೆಗೂ ಹೋಯಿತು ಎಂಬಂತೆ ಸುದ್ದಿ ಬಂತು. ಆದರೆ 2010ರಲ್ಲಿ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಮತ್ತು ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ಎಂಬ ಸರ್ಕಾರಿ ಸಂಸ್ಥೆಗಳು ಆ ಆವರಣದಲ್ಲಿ ಮಲಿನಗೊಂಡ ಮಣ್ಣು ಸುಮಾರು 11 ಲಕ್ಷ ಟನ್ ಇದೆಯೆಂದು ಅಂದಾಜು ಮಾಡಿದ್ದವು. 337 ಎಲ್ಲಿ, 11 ಲಕ್ಷ ಎಲ್ಲಿ. ಮೂಟೆ ಕಟ್ಟಿಟ್ಟದ್ದು ಕಣ್ಣಿಗೆ ಕಾಣುತ್ತದೆ, ಲಾರಿಗೆ ಏರುತ್ತದೆ. ಮಳೆಯ ಜೊತೆ ಬಾವಿಗೆ ಇಳಿಯುವುದು ಮೂಟೆಗೆ ಬಾರದೆ ಮಣ್ಣಿನಲ್ಲಿ ಉಳಿದದ್ದು.

ಎರಡನೆಯ ದಾರಿ ಮಣ್ಣನ್ನು ತೊಳೆಯುವುದು. ಲೋಹಗಳು ಸಾಮಾನ್ಯವಾಗಿ ಅಂಟಿಕೊಳ್ಳುವುದು ನುಣ್ಣನೆಯ ಜೇಡಿ ಕಣಗಳಿಗೆ. ನೀರು ಹಾಯಿಸಿ ಜರಡಿ ಹಿಡಿದು ಮರಳನ್ನೂ ಜಲ್ಲಿಯನ್ನೂ ಬೇರ್ಪಡಿಸಿದರೆ ಅವು ಹೆಚ್ಚುಕಡಿಮೆ ಶುದ್ಧವಾಗಿರುತ್ತವೆ, ಉಳಿದ ನುಣ್ಣನೆಯ ಕೆಸರನ್ನು ಮಾತ್ರ ಮುಂದೆ ಸಂಸ್ಕರಿಸಿದರೆ ಸಾಕು. ಆ ಕೆಸರನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಪಾದರಸವನ್ನು ಆವಿಯಾಗಿಸಿ, ತಣಿಸಿ ಮತ್ತೆ ದ್ರವವಾಗಿ ಹಿಡಿಯಬಹುದು. ಒಂದರ್ಥದಲ್ಲಿ ಬಟ್ಟಿ ಇಳಿಸುವ ಕೆಲಸ. ಕೊಡೈಕನಾಲ್‌ಗೆ ಯೋಜಿಸಿದ್ದು ಈ ಎರಡನ್ನೂ ಸೇರಿಸಿದ ವಿಧಾನ. ವಿಷವನ್ನು ಇನ್ನೊಬ್ಬರ ಊರಿಗೆ ಸಾಗಿಸದೆ ಅಲ್ಲೇ ಹಿಡಿಯುವ ಈ ವಿಧಾನವನ್ನು ನಾನು ಮೆಚ್ಚುತ್ತೇನೆ. ಆದರೆ ಮಣ್ಣು ಜೇಡಿಯಾಗಿದ್ದರೆ ತೊಳೆದ ಮೇಲೂ ಬಹುಪಾಲು ಕೆಸರಾಗಿಯೇ ಉಳಿಯುತ್ತದೆ, ಮತ್ತು ಅಷ್ಟು ಕಾದ ಮಣ್ಣು ಆಮೇಲೆ ಮಣ್ಣಾಗಿರುವುದಿಲ್ಲ. ಎರೆಹುಳವಿಲ್ಲದ, ಬೇರು ಹಿಡಿಯದ ಪುಡಿಯಾಗಿರುತ್ತದೆ. ಅದಕ್ಕೆ ಮತ್ತೆ ಜೀವ ತುಂಬುವ ಖರ್ಚನ್ನು ಯೋಜನೆಯಲ್ಲೇ ಬರೆದಿಡಬೇಕು.

ಮೂರನೆಯದು ತೆಗೆಯದೆ ಕಟ್ಟಿಹಾಕುವುದು. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ಗುಡ್ಡದಂಥ ಜಾಗಗಳಲ್ಲಿ, ನೀರಿನಲ್ಲಿ ಕರಗುವ ಆರು ವೇಲೆನ್ಸಿಯ ಕ್ರೋಮಿಯಂಗೆ ಫೆರಸ್ ಸಲ್ಫೇಟ್ ಬೆರೆಸಿ ಕರಗದ ಮೂರು ವೇಲೆನ್ಸಿಯ ರೂಪಕ್ಕೆ ತರಬಹುದು. ಪಾದರಸವನ್ನು ಗಂಧಕದ ಜೊತೆ ಸೇರಿಸಿ ಜಡವಾಗಿಸಬಹುದು. ಮಿನಮಾಟದಲ್ಲಿ 1977ರಿಂದ 1990ರವರೆಗೆ, ಕಿಲೋಗೆ 25 ಮಿಲಿಗ್ರಾಂಗಿಂತ ಹೆಚ್ಚು ಪಾದರಸವಿದ್ದ ಕೊಲ್ಲಿಯ ಹೂಳನ್ನು ಎತ್ತಿ, ಒಂದು ಭಾಗಕ್ಕೆ ಗೋಡೆ ಕಟ್ಟಿ ತುಂಬಿ, ಮೇಲೆ ಶುದ್ಧ ಮಣ್ಣು ಹಾಸಿದರು. ಹೀಗೆ 58 ಹೆಕ್ಟೇರ್ ಹೊಸ ನೆಲ ಆಯಿತು, ಇವತ್ತು ಅದು ಉದ್ಯಾನ. ಅದರ ಕೆಳಗೆ ವಿಷ ಈಗಲೂ ಇದೆ. ಪಾದರಸ ಮೂಲಧಾತು, ಕಾಲ ಕಳೆದಂತೆ ಕೊಳೆತು ಇಲ್ಲವಾಗುವ ವಸ್ತುವಲ್ಲ. ಹಾಗಾಗಿ ಕಟ್ಟಿಹಾಕುವ ದಾರಿ ಹಿಡಿದವರು ಕಾಯುವ ಹೊಣೆಯನ್ನೂ ಹೊರಬೇಕು, ಆ ಗೋಡೆ ಇರುವಷ್ಟು ಕಾಲವೂ.

ಪೆಟ್ರೋಲ್, ಡೀಸೆಲ್‌ನಂಥ ವಸ್ತುಗಳ ಕಥೆ ಬೇರೆ. ಅವುಗಳನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಕರಗಿಸುತ್ತವೆ. ಗಾಳಿ ಊದಿ, ಗೊಬ್ಬರ ಕೊಟ್ಟು ಅವುಗಳ ಕೆಲಸಕ್ಕೆ ನೆರವಾಗಬಹುದು, ಕೆಲವೆಡೆ ಬಾವಿಗಳ ಮೇಲೆ ಕಣ್ಣಿಟ್ಟು ಕಾಯುವುದೇ ಸರಿಯಾದ ದಾರಿ. ಅಂತರ್ಜಲವನ್ನು ಪಂಪು ಮಾಡಿ ಶುದ್ಧಗೊಳಿಸುವ ವಿಧಾನದ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಮೊದಲ ಕೆಲವು ತಿಂಗಳು ಸಂಖ್ಯೆ ಸರಸರನೆ ಇಳಿಯುತ್ತದೆ, ಆಮೇಲೆ ಇಳಿಯುವುದೇ ಇಲ್ಲ. ಪಂಪು ನಿಲ್ಲಿಸಿದರೆ ಮತ್ತೆ ಏರುತ್ತದೆ, ಏಕೆಂದರೆ ಜೇಡಿಯ ಪದರಕ್ಕೂ ಶಿಲೆಯ ಸಣ್ಣ ಸಂದುಗಳಿಗೂ ಹೊಕ್ಕ ವಿಷ ನಿಧಾನವಾಗಿ ಹೊರಬರುತ್ತಿರುತ್ತದೆ. ಮೊದಲ ವರ್ಷದ ಅಂಕಿ ತೋರಿಸಿ ಕೆಲಸ ಮುಗಿಯಿತೆಂದು ಹೇಳುವವರನ್ನು ಪಂಪು ನಿಲ್ಲಿಸಿದ ಎರಡು ಮಳೆಗಾಲದ ನಂತರದ ಅಂಕಿ ತನ್ನಿ ಎಂದು ಕೇಳಬೇಕು.

ಶುದ್ಧೀಕರಣವೇ ಗಾಯ ಮಾಡುವುದೂ ಉಂಟು. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಕಚ್ಚಾತೈಲ ಸಮುದ್ರದ ಪಾಲಾದಾಗ, ದಡದ ಕಲ್ಲುಗಳನ್ನು ಬಿಸಿನೀರಿನ ರಭಸದ ಧಾರೆಯಿಂದ ತೊಳೆದರು. ದೇಶವಿಡೀ ದೂರದರ್ಶನದಲ್ಲಿ ನೋಡುತ್ತಿತ್ತು, ಏನಾದರೂ ಮಾಡುತ್ತಿರುವುದು ಕಾಣಿಸಬೇಕಿತ್ತು. ಎಣ್ಣೆಯಿಂದ ಉಳಿದಿದ್ದ ಚಿಪ್ಪುಜೀವಿ, ಪಾಚಿಗಳು ಆ ಬಿಸಿನೀರಿಗೆ ಬೆಂದುಹೋದವು, ತೊಳೆಯದೆ ಬಿಟ್ಟ ಕೆಲವು ದಡಗಳಿಗಿಂತ ತೊಳೆದ ದಡಗಳಲ್ಲಿ ಜೀವ ಮರಳಲು ತಡವಾಯಿತು.

ಈ ಉದಾಹರಣೆಯನ್ನು ನೆನಪಿಟ್ಟುಕೊಂಡೇ ಕೊಡೈಕನಾಲ್‌ನ ಮರಗಳ ವಾದವನ್ನು ನೋಡಬೇಕು. ಕಡಿದಾದ ಇಳಿಜಾರಿನಲ್ಲಿ ಮರ ಕಡಿದು ಮಣ್ಣು ಅಗೆದರೆ, ಒಂದು ಜಡಿಮಳೆಗೆ ಅಷ್ಟೂ ಮಣ್ಣು ತೊರೆಗೆ ಬೀಳುತ್ತದೆ, ಆವರಣದಲ್ಲಿದ್ದ ಪಾದರಸ ಮೀನಿನ ದಾರಿ ಹಿಡಿಯುತ್ತದೆ. ಹಾಗಾಗಿ ಮರಗಳ ವಾದ ನೆಪವೆಂದು ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಸಡಿಲ ಸಂಖ್ಯೆಗೆ ಪರವಾನಗಿಯೂ ಅಲ್ಲ. ನನ್ನ ಅಭಿಪ್ರಾಯ ಹೀಗಿದೆ. ಮೊದಲು ಇಳಿಜಾರಿನ ಬುಡದಲ್ಲಿ ಹೂಳು ತಡೆಯುವ ಕಟ್ಟೆಗಳು ಬರಲಿ. ಒಣ ತಿಂಗಳುಗಳಲ್ಲಿ ಮಾತ್ರ, ಅತಿ ಹೆಚ್ಚು ಮಲಿನಗೊಂಡ ಜಾಗಗಳಿಂದ ಅಗೆತ ಶುರುವಾಗಲಿ. ಮರವಿಲ್ಲದ ಸಮತಟ್ಟು ಜಾಗಕ್ಕೆ ಕಠಿಣ ಮಾನದಂಡವನ್ನೇ ಹಾಕಲಿ, ಅಲ್ಲಿ ಮರದ ನೆಪ ಬರುವುದಿಲ್ಲ. ಬೇರುಗಳ ನಡುವೆ ಕೈಯಿಂದ ತೆಗೆಯಬಹುದಾದಷ್ಟನ್ನು ಕೈಯಿಂದಲೇ ತೆಗೆಯಲಿ. ಹಾಗೆ ಮಾಡಿಯೂ ಬಿಡಬೇಕಾಗಿ ಬಂದ ಮಣ್ಣಿಗೆ ಒಂದು ನಕ್ಷೆ, ಒಂದು ಠೇವಣಿ, ಮತ್ತು ಪ್ರತಿ ಮಳೆಗಾಲದ ನಂತರ ತೊರೆಯ ಹೂಳನ್ನೂ ಮೀನನ್ನೂ ಪರೀಕ್ಷಿಸಿ ಫಲಿತಾಂಶವನ್ನು ಊರಿನ ಭಾಷೆಯಲ್ಲಿ ಪ್ರಕಟಿಸುವ ಕಾನೂನಿನ ಹೊಣೆ ಇರಲಿ.

ಇನ್ನೊಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಅಪಾಯದ ಅಂದಾಜು ಎಂಬ ಈ ಇಡೀ ವಿಧಾನ ಮುಂದಿನದನ್ನು ಮಾತ್ರ ನೋಡುತ್ತದೆ: ಇನ್ನು ಮೇಲೆ ಈ ನೆಲಕ್ಕೆ ಬರುವವರಿಗೆ ಏನಾಗಬಹುದು. ಈಗಾಗಲೇ ಆ ಗಾಳಿಯನ್ನು ಉಸಿರಾಡಿ ಮುಗಿಸಿದವರಿಗೆ ಅದರಲ್ಲಿ ಸಾಲಿಲ್ಲ. ಆ ಕಾರ್ಖಾನೆಯ 591 ಮಾಜಿ ಕಾರ್ಮಿಕರ ವಿಷಯದಲ್ಲಿ ಒಪ್ಪಂದವಾದದ್ದು 2016ರಲ್ಲಿ, ಕಾರ್ಖಾನೆ ಮುಚ್ಚಿ ಹದಿನೈದು ವರ್ಷಗಳ ಮೇಲೆ. ಪಾದರಸ ರಕ್ತದಲ್ಲೂ ಮೂತ್ರದಲ್ಲೂ ಕೆಲವು ತಿಂಗಳು ಮಾತ್ರ ಗುರುತು ಬಿಡುತ್ತದೆ. ತಡವಾಗಿ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, ಏನೂ ಸಿಗದಿದ್ದರೆ ಏನೂ ಆಗಿಲ್ಲವೆಂದು ಬರೆಯಲಾಗುತ್ತದೆ. ಆದ್ದರಿಂದ ಯಾವುದೇ ಸೋರಿಕೆಯಾದಾಗ ಮಣ್ಣಿನ ಮಾದರಿ ತೆಗೆಯುವ ದಿನವೇ ಅಲ್ಲಿದ್ದವರ ರಕ್ತ, ಮೂತ್ರದ ಮಾದರಿಯನ್ನೂ ತೆಗೆದು, ಫಲಿತಾಂಶದ ಪ್ರತಿಯನ್ನು ಅವರ ಕೈಗೇ ಕೊಡಬೇಕೆಂದು ನಾನು ಹೋದಲ್ಲೆಲ್ಲ ಒತ್ತಾಯಿಸುತ್ತೇನೆ, ಇಲ್ಲೂ ಒತ್ತಾಯಿಸುತ್ತೇನೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನ ನಿವೇಶನಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತಾದ ಅವಧಿಯೊಳಗೆ ಪರಿಶೀಲಿಸಬೇಕು, ಕೆಡಿಸಿದವರೇ ಖರ್ಚು ಭರಿಸಬೇಕು. ಇಷ್ಟು ದಿನ ಇಂಥ ಪ್ರಕ್ರಿಯೆಯೇ ಬರವಣಿಗೆಯಲ್ಲಿ ಇರಲಿಲ್ಲವಾದ್ದರಿಂದ ಇದು ದೊಡ್ಡ ಹೆಜ್ಜೆ. ಪಟ್ಟಿಗೆ ಹೆಸರು ಸೇರುವುದು ಜಿಲ್ಲೆಯಿಂದ ಎಂಬುದನ್ನು ಗಮನಿಸಿ. ನಿಮ್ಮ ತಾಲ್ಲೂಕಿನಲ್ಲಿ ಯಾವ ಹಳ್ಳದ ನೀರಿನ ಬಣ್ಣ ಬದಲಾಗಿದೆ, ಯಾವ ಮುಚ್ಚಿದ ಕಾರ್ಖಾನೆಯ ಹಿಂದೆ ಹುಲ್ಲು ಹುಟ್ಟುವುದಿಲ್ಲ ಎಂಬುದು ದೆಹಲಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಅದನ್ನು ತಾರೀಖು ಹಾಕಿ ಬರೆದು, ಫೋಟೋ ಲಗತ್ತಿಸಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಆ ಅಜ್ಜಿಯ ಹಳ್ಳಿಗೆ ನಾವು ವರದಿ ತೆಗೆದುಕೊಂಡು ಮರುವರ್ಷ ಹೋದೆವು. ನೂರಕ್ಕೂ ಹೆಚ್ಚು ಪುಟ, ಬಣ್ಣದ ನಕ್ಷೆಗಳು, ಕೋಷ್ಟಕಗಳು, ಎಲ್ಲ ಇಂಗ್ಲಿಷಿನಲ್ಲಿ. ಪಂಚಾಯಿತಿ ಕಟ್ಟೆಯ ಮೇಲೆ ಕೂತು ನಾನು ಒಂದೊಂದನ್ನೇ ವಿವರಿಸುತ್ತಾ ಹೋದೆ. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡು, "ಕುಡಿಬೌದಾ, ಬ್ಯಾಡ್ವಾ? ಅದೊಂದು ಯೋಳಿ ಸ್ವಾಮಿ" ಅಂದರು. ಆ ಒಂದು ಸಾಲು ವರದಿಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲೇ ಒಂದು ಹಾಳೆ ತೆಗೆದು, ಊರಿನ ಹದಿನಾಲ್ಕು ಬಾವಿಗಳ ಹೆಸರನ್ನು ಅವರು ಕರೆಯುವ ಹಾಗೆಯೇ ಬರೆದು, ಪ್ರತಿಯೊಂದರ ಎದುರು ಕುಡಿಯಲು, ಅಡುಗೆಗೆ, ದನಕ್ಕೆ, ಹೊಲಕ್ಕೆ ಎಂದು ನಾಲ್ಕು ಮನೆ ಮಾಡಿ ಹೌದು ಅಥವಾ ಬೇಡ ಎಂದು ತುಂಬಿದೆವು. ಅಜ್ಜಿಯ ಬಾವಿಯ ಎದುರು ನಾಲ್ಕೂ ಮನೆಯಲ್ಲಿ ಬೇಡ ಎಂದೇ ಬರೆಯಬೇಕಾಯಿತು. ಅವರು ಆ ಹಾಳೆಯ ಇನ್ನೊಂದು ಪ್ರತಿ ಕೇಳಿ ಪಡೆದು, ಮಡಿಚಿ ಸೊಂಟದ ಚೀಲಕ್ಕೆ ಹಾಕಿಕೊಂಡರು.